ಹೊಳೆಯನ್ನು ಎರಡು ಸಲ ದಾಟುವ ದಾರಿ

ಮಂಡ್ಯ ನನ್ನ ತವರು. ಮೈಸೂರು ನಾನು ಮದುವೆಯಾಗಿ ಬಂದ ಊರು. ನಡುವಿನ 45 ಕಿಲೋಮೀಟರ್ ದಾರಿಯನ್ನು 22 ವರ್ಷಗಳಿಂದ ಹೆಚ್ಚಾಗಿ ರೈಲಿನಲ್ಲೇ ಸವೆಸಿದ್ದೇನೆ. ಮಂಡ್ಯದಿಂದ ಹೊರಟ ರೈಲು ಪಾಂಡವಪುರ ನಿಲ್ದಾಣವನ್ನು ಕಳೆದ ಮೇಲೆ ಒಮ್ಮೆ ಕಾವೇರಿಯನ್ನು ದಾಟುತ್ತದೆ, ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತದೆ, ಹೊರಟು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಮತ್ತೊಮ್ಮೆ ಕಾವೇರಿಯನ್ನು ದಾಟುತ್ತದೆ. ಚಿಕ್ಕವಳಿದ್ದಾಗ ಚಾಮುಂಡಿ ಬೆಟ್ಟಕ್ಕೋ ದಸರೆಗೋ ಹೋಗುವಾಗ ಅವ್ವ ನನ್ನ ಕೈಗೆ ಎರಡು ಕಾಸು ಕೊಡುತ್ತಿದ್ದಳು, ಒಂದನ್ನು ಮೊದಲ ಸೇತುವೆಯಲ್ಲಿ, ಇನ್ನೊಂದನ್ನು ಎರಡನೆಯದರಲ್ಲಿ ಹೊಳೆಗೆ ಹಾಕಿ ಕೈಮುಗಿಯಲೆಂದು. ಒಂದೇ ಹೊಳೆ ಎರಡು ಸಲ ಏಕೆ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇಂದಿಗೂ ನೆನಪಿದೆ: "ನಡುವೆ ರಂಗನಾಥ ಮಲಗವ್ನೆ ಕಣವ್ವ. ಅವನ ನಿದ್ದೆ ಕೆಡಬಾರದು ಅಂತ ತಾಯಿ ಎರಡು ಪಕ್ಕಕ್ಕೂ ಸರಕೊಂಡು ಹೋಗ್ತಾಳೆ."

ಶ್ರೀರಂಗಪಟ್ಟಣ ದ್ವೀಪವೆಂದು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಆ ದ್ವೀಪವನ್ನು ದ್ವೀಪವಾಗಿ ನೋಡಿದ್ದು ಎರಡು ವರ್ಷಗಳ ಹಿಂದೆ, ಒಂದು ಭಾನುವಾರ ಮಗಳೊಂದಿಗೆ ಆ ನಿಲ್ದಾಣದಲ್ಲಿ ಇಳಿದು, ಹೊಳೆಯ ದಂಡೆಯನ್ನು ಬಿಡದೆ ಪಶ್ಚಿಮದಿಂದ ಪೂರ್ವಕ್ಕೆ ನಡೆದಾಗ. ಅಲ್ಲಿಯವರೆಗೆ ನೆಂಟರನ್ನು ಕರೆದುಕೊಂಡು ಕಾರಿನಲ್ಲಿ ಎಷ್ಟೋ ಸಲ ಹೋಗಿದ್ದೆ. ದೇವಸ್ಥಾನ, ಬೇಸಿಗೆ ಅರಮನೆ, ಗುಂಬಜ್, ಸಂಗಮ ಎಂದು ಒಂದೊಂದರ ಮುಂದೆ ಇಳಿದು ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದೆವು. ಹಾಗೆ ಹೋದಾಗ ಸ್ಮಾರಕಗಳು ಸಿಗುತ್ತವೆ, ನೀರು ಸಿಗುವುದಿಲ್ಲ. ನೀರನ್ನು ಬಿಟ್ಟರೆ ಆ ಸ್ಮಾರಕಗಳು ಅಲ್ಲಿ ಏಕಿವೆ ಎನ್ನುವುದೂ ತಿಳಿಯುವುದಿಲ್ಲ. ಸುಮಾರು 5 ಕಿಲೋಮೀಟರ್ ಉದ್ದದ ಈ ನೆಲದ ಮೇಲೆ ನಡೆದಿರುವುದೆಲ್ಲವೂ, ಭಕ್ತಿಯಿರಲಿ ಯುದ್ಧವಿರಲಿ ಕೃಷಿಯಿರಲಿ, ಹೊಳೆಯ ಲೆಕ್ಕವನ್ನು ಹಿಡಿದೇ ನಡೆದಿದೆ. ಅದನ್ನು ಕಾಲಿನಿಂದ ತಿಳಿಯಬೇಕೆಂಬುದು ನನ್ನ ಒತ್ತಾಯ.

ರೈಲು ನಿಲ್ದಾಣ ಇರುವುದೇ ಕೋಟೆಯೊಳಗೆ, ಆದ್ದರಿಂದ ನಡಿಗೆಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಬೆಳಿಗ್ಗೆ ಬೇಗ ಇಳಿದು ಮೊದಲು ಪಶ್ಚಿಮದ ಕಡೆಗೆ, ಕೋಟೆಯ ವಾಯವ್ಯ ಮೂಲೆಗೆ ಹೋಗಬೇಕು. ಅಲ್ಲಿ ಗೋಡೆಯ ಮೇಲೆ ಒಂದು ಸ್ಮಾರಕ ಸ್ತಂಭವಿದೆ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಕೋಟೆಯನ್ನು ಒಡೆದು ನುಗ್ಗಿದ ಜಾಗ ಅದು. ಬೇಸಿಗೆಯಲ್ಲಿ ಅಲ್ಲಿ ನಿಂತು ಕೆಳಗೆ ನೋಡಿದರೆ ಹೊಳೆಯ ಪಾತ್ರದ ತುಂಬ ಬಂಡೆಗಳು ಎದ್ದಿರುತ್ತವೆ, ಅವುಗಳ ಸಂದಿಯಲ್ಲಿ ನೀರು ಹರಿಯುತ್ತಿರುತ್ತದೆ, ಕಾಲಿಟ್ಟುಕೊಂಡು ದಾಟಬಹುದೆನ್ನಿಸುತ್ತದೆ. ಆಗಸ್ಟಿನಲ್ಲಿ ಅದೇ ಜಾಗದಲ್ಲಿ ನಿಂತವರಿಗೆ ಒಂದು ಬಂಡೆಯೂ ಕಾಣುವುದಿಲ್ಲ. ಈ ಎರಡು ನೋಟಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇತಿಹಾಸದ ಪಾಠ ಅರ್ಧ ಮುಗಿಯಿತು. 1791ರಲ್ಲಿ ಕಾರ್ನ್‌ವಾಲಿಸ್ ಇಲ್ಲಿಯವರೆಗೆ ಬಂದು, ಮಳೆ ಹಿಡಿದು ದನಗಳಿಗೆ ಮೇವಿಲ್ಲದೆ, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. 1799ರಲ್ಲಿ ಬಂದವರಿಗೂ ಆ ಭಯವಿತ್ತು: ಮುಂಗಾರು ಕೊಡಗಿನಲ್ಲಿ ಹಿಡಿದು ಹೊಳೆ ತುಂಬಿತೆಂದರೆ ಮುತ್ತಿಗೆ ಮುಗಿದಂತೆಯೇ. ಹಾಗಾಗಿ ಮೇ ತಿಂಗಳ ಮೊದಲ ವಾರದಲ್ಲಿ, ನೀರು ತೀರ ಇಳಿದಿದ್ದಾಗ, ನಡುಹಗಲಿನ ಬಿಸಿಲಿನಲ್ಲಿ ಅವರು ಹೊಳೆಗೆ ಇಳಿದರು. ಟಿಪ್ಪು ಅಂದೇ ಕೋಟೆಯೊಳಗೆ ಮಡಿದನು. ಒಂದು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೆಂದು ಮಗಳು ಕೇಳಿದಳು. ನಾವಿಬ್ಬರೂ ಆ ಬಂಡೆಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆವು.

ಅಲ್ಲಿಂದ ಉತ್ತರದ ಕವಲನ್ನು ಎಡಗಡೆಗೆ ಇಟ್ಟುಕೊಂಡು ಪೂರ್ವಕ್ಕೆ ನಡೆದರೆ ರಂಗನಾಥಸ್ವಾಮಿ ದೇವಾಲಯದ ಹಿಂಬದಿ, ಅದರಾಚೆಗೆ ಕರ್ನಲ್ ಬೈಲಿ ಸೆರೆಮನೆ ಎಂದು ಕರೆಯುವ ಇಟ್ಟಿಗೆ ಕಮಾನುಗಳ ನೆಲಮಾಳಿಗೆ ಸಿಗುತ್ತವೆ. ದೇವಾಲಯದೊಳಗೆ ಆದಿಶೇಷನ ಮೇಲೆ ಮಲಗಿದ ರಂಗನಾಥನ ಪಾದದ ಬಳಿ ಕುಳಿತಿರುವವಳು ಕಾವೇರಿ. ಅವ್ವನ ಮಾತನ್ನು ಶಿಲ್ಪಿ ಎಷ್ಟೋ ಕಾಲದ ಮೊದಲೇ ಕಲ್ಲಿನಲ್ಲಿ ಹೇಳಿದ್ದಾನೆಂದು ಅಂದು ನನಗೆ ಅನ್ನಿಸಿತು. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ: ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಹೊಳೆ ಎರಡಾಗಿ ಮತ್ತೆ ಒಂದಾಗುವ ಕಡೆಯಲ್ಲೆಲ್ಲ ನಮ್ಮ ಹಿರಿಯರು ಅವನಿಗೆ ಹಾಸಿಗೆ ಹಾಸಿದ್ದಾರೆ. ಊರಿನ ಹೆಸರೂ ಅವನದೇ. ಸುತ್ತಲಿನ ಹಳ್ಳಿಯವರು ಇಂದಿಗೂ ಅಷ್ಟುದ್ದದ ಹೆಸರನ್ನು ಹೇಳುವುದಿಲ್ಲ. "ಪಟ್ಟಣಕ್ಕೆ ಹೋಗಿದ್ದೆ" ಎಂದರೆ ಇದೇ ಪಟ್ಟಣ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ಪಡೆದು ರಾಜಧಾನಿ ಮಾಡಿಕೊಂಡರು. ಮೈಸೂರಿನವರಾದ ನಾವು ನಮ್ಮದೆಂದು ಹೆಮ್ಮೆಪಡುವ ದಸರೆ ಆ ವರ್ಷ ಆರಂಭವಾದದ್ದು ಈ ದ್ವೀಪದಲ್ಲಿಯೇ.

ಇನ್ನೂ ಸ್ವಲ್ಪ ಮುಂದೆ ಹೋದರೆ ವೆಲ್ಲೆಸ್ಲಿ ಸೇತುವೆ. ಈ ನಡಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ತಾಣ ಇದು, ಮತ್ತು ಕಾರಿನವರು ಪಕ್ಕದ ದೊಡ್ಡ ಸೇತುವೆಯ ಮೇಲೆ ನೋಡದೆ ದಾಟಿಹೋಗುವ ತಾಣವೂ ಹೌದು. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ಇದಕ್ಕೆ ಆಗಿನ ಗವರ್ನರ್ ಜನರಲ್‌ನ ಹೆಸರಿಟ್ಟರೂ, ಇದರ ಕೈಚಳಕ ಪೂರ್ತಿಯಾಗಿ ನಮ್ಮ ಕಲ್ಲುಕುಟಿಗರದು. ಕಮಾನುಗಳಿಲ್ಲ, ಹೊಳೆಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಚಪ್ಪಡಿ. ದೇವಸ್ಥಾನದ ಮಂಟಪವೊಂದನ್ನು ಉದ್ದಕ್ಕೆ ಎಳೆದು ಹೊಳೆಯ ಮೇಲೆ ಇಟ್ಟಂತೆ ಕಾಣುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಬಿಡುವ ನೀರು ಲಕ್ಷ ಕ್ಯೂಸೆಕ್ ದಾಟಿದಾಗ ಇದರ ಮೇಲೆ ಓಡಾಟ ನಿಲ್ಲಿಸುತ್ತಾರೆ. ನೀರು ಇಳಿದ ಮೇಲೆ ಕಂಬಗಳಿಗೆ ಸುತ್ತಿಕೊಂಡ ಹುಲ್ಲು, ಬಳ್ಳಿ, ಕೊಂಬೆಗಳು ಹೊಳೆ ಎಷ್ಟು ಎತ್ತರಕ್ಕೆ ಬಂದಿತ್ತೆಂಬ ಗುರುತನ್ನು ತಿಂಗಳುಗಟ್ಟಲೆ ಉಳಿಸಿಕೊಂಡಿರುತ್ತವೆ. ಬೆಳಗಿನ ಏಳು ಗಂಟೆಯ ಹೊತ್ತಿಗೆ ಇಲ್ಲಿಗೆ ಬಂದರೆ ಬಟ್ಟೆ ಒಗೆಯುವ ಸದ್ದು, ಕಲ್ಲಿನ ಸಂದಿಯಿಂದ ಹಾರುವ ಮಿಂಚುಳ್ಳಿ, ಕಂಬಗಳ ನಡುವೆ ಬಲೆ ಬಿಡುವ ತೆಪ್ಪ ಇವಿಷ್ಟೇ ಇರುತ್ತವೆ.

ದರಿಯಾ ದೌಲತ್‌ಗೆ ಅಲ್ಲಿಂದ ರಸ್ತೆಯ ಮೇಲೆ ನಡೆಯಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ತೇಗದ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಮೇಲೆ ಹೇಳಿದ ಸೆರೆಮನೆಗೆ ಹೆಸರು ಕೊಟ್ಟ, ಆ ಯುದ್ಧದಲ್ಲಿ ಸೋತ ಬ್ರಿಟಿಷ್ ದಳಪತಿ ಬೈಲಿಯನ್ನು ಆ ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕಾಣಬಹುದು, ಅವನ ಸುತ್ತ ಚೌಕಾಕಾರವಾಗಿ ನಿಂತ ಅವನ ಸೈನಿಕರನ್ನೂ ಕಾಣಬಹುದು. ಚಿತ್ರಗಳನ್ನು ನೋಡಿದವರು ಅಷ್ಟಕ್ಕೇ ಹಿಂದಿರುಗದೆ ತೋಟದ ಹೊಳೆಯ ಬದಿಗೂ ಹೋಗಿಬರಬೇಕು. ಬೇಸಿಗೆ ಅರಮನೆಗೆ ಈ ಜಾಗವನ್ನು ಆರಿಸಿದ ಕಾರಣ ಅಲ್ಲಿ ಬೀಸುವ ಗಾಳಿಯಲ್ಲಿದೆ.

ಮುಂದಿನದು ಗಂಜಾಂ. ಇಲ್ಲಿಂದ ದ್ವೀಪ ಕೋಟೆಯ ಕಠಿಣತೆಯನ್ನು ಬಿಟ್ಟು ತೋಟವಾಗುತ್ತದೆ. ಕಬ್ಬು, ಭತ್ತ, ತೆಂಗು, ಬಾಳೆ, ಒಂದು ಕಾಲಕ್ಕೆ ಊರೂರುಗಳಲ್ಲಿ ಹೆಸರಾಗಿದ್ದ ಗಂಜಾಂ ಅಂಜೂರ. ಸುತ್ತ ಹೊಳೆಯಿದ್ದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ, ಏಕೆಂದರೆ ಹೊಳೆ ನೆಲಕ್ಕಿಂತ ಕೆಳಗೆ ಹರಿಯುತ್ತದೆ. ಮೇಲಿನಿಂದ ಕಾಲುವೆ ತರಬೇಕು, ಕಾಲುವೆಗೆ ಅಡ್ಡ ಅದೇ ಹೊಳೆಯ ಕವಲು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೇ ಬಂಗಾರದೊಡ್ಡಿ ನಾಲೆ: ಕಾವೇರಿಗೆ ಮೇಲ್ಗಡೆ ಕಟ್ಟೆ ಹಾಕಿ ನೀರನ್ನು ತಿರುಗಿಸಿ, ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ, ಹೊಳೆಯ ನೀರನ್ನೇ ಹೊಳೆಯ ಮೇಲೆ ದಾಟಿಸಿ ದ್ವೀಪಕ್ಕೆ ತಂದರು. ಈ ನಾಲೆಯನ್ನು ನೋಡಲೆಂದೇ ಬರುವವರನ್ನು ನಾನು ಕಂಡಿಲ್ಲ. ಕೋಟೆಯನ್ನು ನೋಡಿದಷ್ಟೇ ಗೌರವದಿಂದ ಇದನ್ನೂ ನೋಡಬೇಕೆಂದು ನನ್ನ ಅನಿಸಿಕೆ. ರೈತನ ಮಗಳಾದ್ದರಿಂದ ಹಾಗೆ ಅನ್ನಿಸುವುದು ಸಹಜವೂ ಇರಬಹುದು.

ನಿಮಿಷಾಂಬ ದೇವಸ್ಥಾನದ ಮೆಟ್ಟಿಲುಗಳ ಬಳಿ ಮೊದಲ ದಿನ ನಾವು ಕಾಲು ತೊಳೆಯಲು ಹೊರಟಾಗ ಎಳನೀರು ಮಾರುವ ಹಿರಿಯರೊಬ್ಬರು ಕೂಗಿ ತಡೆದರು. "ಅಮ್ಮ, ರಾತ್ರಿ ಕಟ್ಟೆಯಿಂದ ನೀರು ಬಿಟ್ಟವ್ರೆ. ಮ್ಯಾಲೆ ನೋಡಿದ್ರೆ ಗೊತ್ತಾಗಲ್ಲ, ಸೆಳವು ಒಳಗಿರ್ತದೆ. ಚೊಂಬಲ್ಲಿ ತಕ್ಕೊಂಡು ತೊಳ್ಕಳಿ." ಅವರ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತಿರುವುದು, ದಂಡೆಯಲ್ಲಿ ನಡೆಯುವ ಎಲ್ಲರಿಗೂ ಅದು ತಲುಪಲಿ ಎಂದು. ಕನ್ನಂಬಾಡಿ ಕಟ್ಟೆ ಇಲ್ಲಿಗೆ ತೀರ ಹತ್ತಿರದಲ್ಲಿರುವುದರಿಂದ, ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರಬಹುದು. ಬಲಮುರಿ, ಎಡಮುರಿಗಳಲ್ಲಿ ನೀರು ಕಟ್ಟೆಯ ಮೇಲೆ ತೆಳುವಾಗಿ ಹಾಸಿ ಬೀಳುವುದನ್ನು ನೋಡಿ ಮೋಸಹೋಗಿ ಇಳಿದವರ ಕಥೆಗಳನ್ನು ಸುತ್ತಲಿನ ಪ್ರತಿ ಹಳ್ಳಿಯಲ್ಲೂ ಹೇಳುತ್ತಾರೆ. ನೋಡಿರಿ, ದಂಡೆಯಲ್ಲಿ ಬುತ್ತಿ ಬಿಚ್ಚಿರಿ, ಇಳಿಯಬೇಡಿರಿ.

ಗುಂಬಜ್‌ನ ಕಪ್ಪು ಕಂಬಗಳ ಜಗುಲಿಯಲ್ಲಿ ಅರ್ಧ ಗಂಟೆ ಕುಳಿತು, ಹೈದರ್, ಅವನ ಪತ್ನಿ ಮತ್ತು ಟಿಪ್ಪು ಮೂವರೂ ಮಲಗಿರುವ ಒಳಗಿನ ತಂಪನ್ನು ಕಂಡು, ಕೊನೆಯ ಹಾದಿ ಹಿಡಿದರೆ ಸಂಗಮ. ನಿಲ್ದಾಣದಿಂದ ಇಲ್ಲಿಗೆ ನಮ್ಮ ಸುತ್ತುಬಳಸಿನಲ್ಲಿ ಆರೇಳು ಕಿಲೋಮೀಟರ್ ಆಗಿತ್ತು, ಊಟದ ಹೊತ್ತೂ ಆಗಿತ್ತು. ಪಶ್ಚಿಮದ ಮೂಲೆಯಲ್ಲಿ ಬೇರೆಯಾದ ಕವಲುಗಳು ಇಲ್ಲಿ ಒಂದಾಗುವುದನ್ನು ನಡೆದು ಬಂದವರು ನೋಡುವ ರೀತಿಯೇ ಬೇರೆ. ಬೆಳಗಿನಿಂದ ಜೊತೆಯಲ್ಲಿ ಬಂದ ಕವಲು ಎಡದಿಂದ, ನಾವು ಕಾಣದೆ ಉಳಿದ ಕವಲು ಬಲದಿಂದ ಬಂದು, ನೆಲ ಮೊನಚಾಗುತ್ತ ಹೋಗಿ, ಕೊನೆಗೆ ಕಾಲಿಡಲು ಜಾಗವಿಲ್ಲದಂತಾಗುತ್ತದೆ. ನನ್ನ ಮಗಳು ಆ ತುದಿಯಲ್ಲಿ ನಿಂತು, "ಅಮ್ಮ, ಊರು ಮುಗಿಯಿತು" ಎಂದಳು.

ಇಲ್ಲಿಯೂ, ದಕ್ಷಿಣದ ಕವಲಿನ ಪಶ್ಚಿಮವಾಹಿನಿಯಲ್ಲಿಯೂ ಮನಸ್ಸಿಗೆ ನೋವಾಗುವ ಸಂಗತಿಯೊಂದಿದೆ. ಪಶ್ಚಿಮವಾಹಿನಿಯಲ್ಲಿ ಪೂರ್ವಕ್ಕೆ ಹೋಗುವ ಹೊಳೆ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ, ಅದಕ್ಕಾಗಿಯೇ ಅಸ್ಥಿ ವಿಸರ್ಜನೆಗೆ ಜನ ದೂರದೂರದಿಂದ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲಿ ವಿಸರ್ಜಿಸಿದ್ದಾರೆ. ನನ್ನ ತಂದೆಯವರದನ್ನು ಬಿಟ್ಟದ್ದೂ ಅಲ್ಲಿಯೇ. ಕರ್ಮ ಮುಗಿಸಿದವರು ಉಟ್ಟ ಬಟ್ಟೆಯನ್ನು, ಪ್ಲಾಸ್ಟಿಕ್ ಚೀಲವನ್ನು, ಫೋಟೊದ ಚೌಕಟ್ಟನ್ನು ಸಹ ನೀರಿಗೆ ಬಿಡುತ್ತಾರೆ, ಅವು ಬಂಡೆಗಳಿಗೆ ಸಿಕ್ಕಿಕೊಂಡು ಕೊಳೆಯುತ್ತವೆ. ಬೂದಿಯನ್ನು ಹೊಳೆ ಒಯ್ಯುತ್ತದೆ, ಪಾಲಿಯೆಸ್ಟರ್ ಸೀರೆಯನ್ನು ಒಯ್ಯುವುದಿಲ್ಲ. ನಮ್ಮ ಮನೆಯವರು ಆ ದಿನ ಬಟ್ಟೆಗಳನ್ನು ಮೂಟೆ ಕಟ್ಟಿ ಹಿಂದಕ್ಕೆ ತಂದೆವು, ಪುರೋಹಿತರು ಬೇಡವೆನ್ನಲಿಲ್ಲ.

ಎರಡನೆಯ ನಡಿಗೆ ದಕ್ಷಿಣದ ದಂಡೆಯದು, ಚಿಕ್ಕದು, ಹೆಚ್ಚು ಮೌನದ್ದು. ಅಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಗೆದ್ದ ಸೈನ್ಯವನ್ನು ಈ ದ್ವೀಪ ಸುಮ್ಮನೆ ಇರಗೊಡಲಿಲ್ಲ. ಜ್ವರ ತಡೆಯಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು, ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ವೈರಿಯನ್ನು ದೂರವಿಟ್ಟ ನೀರೇ ಸೊಳ್ಳೆಯನ್ನೂ ಸಾಕುತ್ತಿತ್ತು.

ಇನ್ನೊಂದು ದಿನವನ್ನು ರಂಗನತಿಟ್ಟಿಗೆ ಇಡಬೇಕು. ಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್ ಮೇಲ್ಗಡೆಗಿರುವ ಇದು ದೊಡ್ಡ ದ್ವೀಪದ ಮರಿಗಳಂತಿರುವ ತಿಟ್ಟುಗಳ ಗುಂಪು. 1645-48ರ ಸುಮಾರಿಗೆ ಅದೇ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಒಡ್ಡು ಕಟ್ಟಿದಾಗ ಈ ತಿಟ್ಟುಗಳು ಉಂಟಾದವು. ರೈತರಿಗೆಂದು ಕಟ್ಟಿದ್ದು ಹಕ್ಕಿಗಳಿಗೂ ಒದಗಿತು: ಸುತ್ತ ನೀರು, ನೀರಿನಲ್ಲಿ ಮೊಸಳೆ, ಗೂಡಿಗೆ ಕೈಹಾಕಲು ಬೆಕ್ಕೂ ಇಲ್ಲ ಮನುಷ್ಯನೂ ಇಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ, ಆಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನವು, ಇವೆಲ್ಲ ದೋಣಿಯಲ್ಲಿ ಕುಳಿತವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ. ನನ್ನ ಆಯ್ಕೆ ಮಾತ್ರ ಫೆಬ್ರುವರಿಯ ಕೊನೆಯಿಂದ ಮಾರ್ಚ್‌ವರೆಗಿನ ಕಾಲ. ಆಗ ನೀರು ಇಳಿದು ಬಂಡೆಗಳು ಎದ್ದಿರುತ್ತವೆ, ಹಳದಿ ಕೊಕ್ಕಿನ ರೀವ ಹಕ್ಕಿಗಳು ಬರಿಯ ಬಂಡೆಯ ಮೇಲೆ ಮೊಟ್ಟೆಯಿಟ್ಟು ಬಿಸಿಲಿಗೆ ತಮ್ಮ ಮೈಯನ್ನೇ ನೆರಳು ಮಾಡಿ ಕುಳಿತಿರುತ್ತವೆ. ದೋಣಿಯವರು ಬಂಡೆಯ ಬಳಿ ಹುಟ್ಟನ್ನು ನಿಲ್ಲಿಸಿ ಮಾತನ್ನೂ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹೊಳೆ ಏರಿದ ದಿನಗಳಲ್ಲಿ ದೋಣಿವಿಹಾರ ಇರುವುದಿಲ್ಲ, ಹೊರಡುವ ಮುನ್ನ ಅಂದಿನ ಪತ್ರಿಕೆಯಲ್ಲಿ ಕಟ್ಟೆಯ ಹೊರಹರಿವನ್ನು ನೋಡಿಕೊಳ್ಳುವುದು ಒಳ್ಳೆಯದು.

ಮಳೆಗಾಲದ ದಿನಕ್ಕೆ ಶಿವನಸಮುದ್ರವಿದೆ. ಅದೂ ದ್ವೀಪವೇ, ಆದರೆ ಸ್ವಭಾವ ಬೇರೆ. ಪಟ್ಟಣದಲ್ಲಿ ಸಮಾಧಾನದಿಂದ ಬೇರೆಯಾಗಿ ಒಂದಾಗುವ ಹೊಳೆ ಅಲ್ಲಿ ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಧಾರೆಗಳಾಗಿ ಧುಮುಕುತ್ತದೆ. ಮಳವಳ್ಳಿಯ ಕಡೆಯಿಂದ ಹೋದರೆ ಗಗನಚುಕ್ಕಿಯನ್ನು ಎದುರಿನ ದಡದಿಂದ ನೋಡಬಹುದು, ದ್ವೀಪದ ಅಂಚಿನ ದರ್ಗಾವೂ ಅಲ್ಲಿಂದ ಕಾಣುತ್ತದೆ. ಸತ್ತೇಗಾಲದ ಕಡೆಯಿಂದ ಹೋದರೆ ಮಧ್ಯರಂಗನ ದರ್ಶನ ಮಾಡಿ ಭರಚುಕ್ಕಿಗೆ ಹೋಗಬಹುದು. 1902ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲಿ ಆರಂಭವಾದ ಕೆಲಸ ಮುಗಿದು, ಇಲ್ಲಿನ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಜುಲೈನಿಂದ ಅಕ್ಟೋಬರ್‌ವರೆಗೆ ಹೋದರೆ ಧಾರೆ ತುಂಬಿರುತ್ತದೆ. ಬೇಸಿಗೆಯಲ್ಲಿ ಹೋದವರು ಬರಿಯ ಬಂಡೆ ನೋಡಿ ಬರುತ್ತಾರೆ.

ಕೊನೆಗೆ ಕರಿಘಟ್ಟ. ದ್ವೀಪದ ಈಶಾನ್ಯಕ್ಕೆ, ಹೊಳೆಯ ಆಚೆ ದಡದಲ್ಲಿ, ಲೋಕಪಾವನಿ ಕಾವೇರಿಯನ್ನು ಸೇರುವಲ್ಲಿಗೆ ಹತ್ತಿರದ ಬೆಟ್ಟ ಇದು; ನಾನೂರೈವತ್ತರಷ್ಟು ಮೆಟ್ಟಿಲುಗಳಿವೆ, ವಾಹನದ ದಾರಿಯೂ ಇದೆ. ದ್ವೀಪದ ಮೇಲೆ ನಡೆದವರು ಒಂದು ಸಂಜೆ ಇಲ್ಲಿಗೆ ಬಂದು, ತಾವು ನಡೆದದ್ದನ್ನು ಮೇಲಿನಿಂದ ನೋಡಬೇಕು. ಕಳೆದ ಕಾರ್ತಿಕದಲ್ಲಿ ಅವ್ವನನ್ನು ಆಟೊದಲ್ಲಿ ಕರೆದೊಯ್ದೆವು. ಅವಳಿಗೆ ಈಗ 78. ಶ್ರೀನಿವಾಸನಿಗೆ ಮಂಗಳಾರತಿ ಆದ ಮೇಲೆ ಪ್ರಾಕಾರದ ಹೊರಗಿನ ಬಂಡೆಯ ಮೇಲೆ ಅವಳನ್ನು ಕೂರಿಸಿದೆವು. ಕೆಳಗೆ ಕಬ್ಬಿನ ಹಸಿರು, ಅಲ್ಲೊಂದು ಇಲ್ಲೊಂದು ಆಲೆಮನೆಯ ಹೊಗೆ, ತೆಂಗಿನ ನಡುವೆ ಗುಂಬಜ್‌ನ ಬಿಳಿಯ ಗುಮ್ಮಟ, ದೂರದಲ್ಲಿ ಗೋಪುರ ಮತ್ತು ಮಸೀದಿಯ ಜೋಡಿ ಮಿನಾರುಗಳು, ಇಳಿಬಿಸಿಲಿಗೆ ಮಿನುಗುವ ಹೊಳೆ. ಮಗಳು ತೋರುಬೆರಳಿನಿಂದ ಗೆರೆ ಎಳೆಯುತ್ತ, "ಅಜ್ಜಿ, ಇದು ಒಂದು ಕವಲು, ಆ ಮರಗಳ ಆಚೆಗಿನದು ಇನ್ನೊಂದು, ನಡುವಿನದು ಪಟ್ಟಣ" ಎಂದು ವಿವರಿಸಿದಳು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಇಷ್ಟೇನಾ ಜಾಗ! ರೈಲಲ್ಲಿ ಕೂತಾಗ ಎಷ್ಟು ದೊಡ್ಡದು ಅನ್ಕೊಂಡಿದ್ದೆ" ಎಂದಳು. ಅಷ್ಟರಲ್ಲಿ ಮಂಡ್ಯದ ಕಡೆಯಿಂದ ಬರುವ ರೈಲಿನ ಸಿಳ್ಳು ಕೇಳಿಸಿತು. ಅವ್ವ ಆ ಕಡೆಗೆ ತಿರುಗಿ ಕೈಮುಗಿದಳು. ಮರಗಳ ಮರೆಯಲ್ಲಿ ರೈಲು ಪಟ್ಟಣದಲ್ಲಿ ನಿಂತು ಹೊರಡುವಷ್ಟು ಹೊತ್ತು ಸುಮ್ಮನೆ ಕಾದು, ಇನ್ನೊಮ್ಮೆ ಕೈಮುಗಿದಳು.